ಟಿಟ್ಟಿಭದ ಮೊಟ್ಟೆಯ ವಿಳಾಸ

ನಮ್ಮ ಮನೆಯಲ್ಲಿ ಒಂದು ದುರ್ಬೀನು ಇದೆ. ನಾನು ಹಕ್ಕಿ ನೋಡಲು ಕೊಂಡದ್ದು. ಈಗ ಅದರಲ್ಲಿ ನನ್ನ ಹೆಂಡತಿ ಸಾವಿತ್ರಿ ನೀರಿನ ಟ್ಯಾಂಕರ್ ನೋಡುತ್ತಾಳೆ. ಬೇಸಿಗೆಯಲ್ಲಿ ಬಾಗಲಗುಂಟೆಯ ನಮ್ಮ ಬೀದಿಗೆ ಟ್ಯಾಂಕರ್ ಯಾವ ಹೊತ್ತಿಗೆ ಬರುತ್ತದೆಂದು ಅದರ ಡ್ರೈವರಿಗೂ ಗೊತ್ತಿರುವುದಿಲ್ಲ. ಇವಳು ತಾರಸಿಯ ಮೇಲೆ ನೀರಿನ ತೊಟ್ಟಿಯ ನೆರಳಿನಲ್ಲಿ ನಿಂತು ದುರ್ಬೀನು ಹಿಡಿದರೆ ಮೂರು ಬೀದಿ ಆಚೆಯ ತಿರುವಿನಲ್ಲೇ ಅದರ ಮೂತಿ ಕಾಣುತ್ತದಂತೆ. "ಬಂತು ಕಣ್ರೀ, ಪೈಪ್ ಬಿಡಿ" ಎಂದು ಅಲ್ಲಿಂದಲೇ ಕೂಗುತ್ತಾಳೆ. ಎದುರುಮನೆಯವರು, ಪಕ್ಕದ ಮನೆಯವರು ಎಲ್ಲರೂ ಈಗ ಅವಳ ಕೂಗಿಗೇ ಕಾಯುತ್ತಾರೆ.

"ಎರಡು ವರ್ಷ ಇದನ್ನ ಕತ್ತಿಗೆ ನೇತಾಕ್ಕೊಂಡು ತಿರುಗಿದ್ರಿ, ನಿಮಗೇನು ಸಿಕ್ತು? ನೋಡಿ, ನಂಗೆ ದಿನ ಬಿಟ್ಟು ದಿನ ನೀರು ಸಿಗುತ್ತೆ" ಎಂದು ಮೊನ್ನೆ ಕೆಣಕಿದಳು. ಅವಳಿಗೆ ಕತೆಯ ಅರ್ಧ ಗೊತ್ತು. ಪೂರ್ತಿ ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು, ಅದನ್ನು ಮುಚ್ಚಿಕೊಳ್ಳಲು ಮಾಡಿದ ಇನ್ನೊಂದು ತಪ್ಪನ್ನೂ ಹೇಳಬೇಕು. ಎದುರಿಗೆ ಹೇಳುವುದಕ್ಕಿಂತ ಬರೆಯುವುದು ಸುಲಭ. ಬರೆಯುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಂತ್ರದಿಂದ ಬಂದ ಬಿಡಿಭಾಗ ಸರಿಯಾಗಿದೆಯೇ ಇಲ್ಲವೇ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಗೇಜು ಎಂಬ ಒಂದು ಉಕ್ಕಿನ ತುಂಡು ಇರುತ್ತದೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಕೂಡದು. ಮೊದಲನೆಯದು ಹೋಗದಿದ್ದರೂ ಕಸ, ಎರಡನೆಯದು ಹೋದರೂ ಕಸ. ಕಸವಾದದ್ದಕ್ಕೆ ಕೆಂಪು ಬಣ್ಣದ ಚುಕ್ಕೆ ಇಡಬೇಕು. ಮೂವತ್ತು ವರ್ಷಕ್ಕೂ ಮೇಲೆ ಇದನ್ನೇ ಮಾಡಿದವನಿಗೆ ಜಗತ್ತೆಲ್ಲ ಹಾಗೇ ಕಾಣತೊಡಗುತ್ತದೆ. ನಿವೃತ್ತನಾದ ಹೊಸದರಲ್ಲಿ ಸಾವಿತ್ರಿ ತಟ್ಟೆಗೆ ಇಡ್ಲಿ ಹಾಕಿದರೆ ನಾನು ಮೂರನ್ನೂ ಒಂದರ ಪಕ್ಕ ಒಂದಿಟ್ಟು, ನಡುವಿನದು ಸಣ್ಣದು ಎನ್ನುತ್ತಿದ್ದೆ. "ಅದಕ್ಕೆ ಕೆಂಪು ಚುಕ್ಕೆ ಇಡಿ, ನಾಳೆಯಿಂದ ನೀವೇ ಬೇಯಿಸ್ಕೊಳ್ಳಿ" ಎಂದಳು. ಅಂದಿನಿಂದ ಇಡ್ಲಿಯ ಅಳತೆ ನೋಡುವುದನ್ನು ಬಿಟ್ಟೆ.

ಡಾಕ್ಟರು ನಡೆಯಿರಿ ಎಂದರು. ನಡೆಯಲು ಹೋದ ಪಾರ್ಕಿನಲ್ಲಿ ವಿಮಲಾ ಮೇಡಂ ಸಿಕ್ಕರು. ಟಿ. ದಾಸರಹಳ್ಳಿಯವರು, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ನಮ್ಮಂಥ ನಾಲ್ಕಾರು ಮುದುಕರನ್ನು ಕಟ್ಟಿಕೊಂಡು ಹಕ್ಕಿ ತೋರಿಸಲು ಹೊರಡುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ದಂಪತಿಯೂ ಬರುತ್ತಿದ್ದರು. ನಾನೂ ಸೇರಿಕೊಂಡೆ, ದುರ್ಬೀನು ಕೊಂಡೆ.

ಕೊಂಡರೂ ನನಗೆ ಹಕ್ಕಿ ಕಾಣುತ್ತಿರಲಿಲ್ಲ. ಕಣ್ಣಿನ ದೋಷವಲ್ಲ. ಜೀವಮಾನವೆಲ್ಲ ಒಂದು ಗೇಣು ದೂರದ ವಸ್ತು ನೋಡಿದವನು ನಾನು, ಅದೂ ಮೇಜಿನ ಮೇಲೆ ಅಲುಗಾಡದೆ ಬಿದ್ದಿರುವ ವಸ್ತು. ಮೇಡಂ ಮೆಲ್ಲಗೆ "ಅಲ್ಲಿ, ಜಾಲಿ ಮರದ ಎಡಗಡೆ ಕೊಂಬೆ, ಕಾಜಾಣ" ಎಂದರೆ ಎಲ್ಲರೂ ಆಹಾ ಎನ್ನುವರು. ನಾನು "ಎಲ್ಲಿ? ಎಲ್ಲಿ?" ಎನ್ನುವೆ. ನನ್ನ ದುರ್ಬೀನು ಆ ಕೊಂಬೆಗೆ ಬರುವಷ್ಟರಲ್ಲಿ ಕೊಂಬೆ ಮಾತ್ರ ಉಳಿದಿರುತ್ತಿತ್ತು. ಒಮ್ಮೆ ಕೆರೆಯ ದಂಡೆಯಲ್ಲಿ ನಾನೇ ಮೊದಲು ಕೂಗಿದೆ, "ಬೆಳ್ಳಕ್ಕಿ!" ಎಂದು. ಮೇಡಂ ನೋಡಿ, ದುರ್ಬೀನು ಇಳಿಸಿ, "ಬಸವರಾಜು ಅವರೇ, ಅದು ಹಾಲಿನ ಕವರು" ಎಂದರು. ಬ್ಯಾಂಕಿನ ದಂಪತಿ ನನಗೆ "ಎಲ್ಲಿ ಸಾರ್" ಎಂದು ಹೆಸರಿಟ್ಟರು. ಫೋನಿನಲ್ಲೂ "ಎಲ್ಲಿ ಸಾರ್, ಎಲ್ಲಿದ್ದೀರಿ?" ಎಂದು ಕೇಳಿ ಇಬ್ಬರೂ ನಗುತ್ತಿದ್ದರು.

ಮೇಡಂಗೆ ಒಂದು ಕಟ್ಟಾಜ್ಞೆ ಇತ್ತು. ಹಕ್ಕಿ ಎಲ್ಲಿ ಕಂಡಿತೆಂದು ಯಾರಿಗೆ ಬೇಕಾದರೂ ಹೇಳಿ, ಗೂಡು ಎಲ್ಲಿ ಕಂಡಿತೆಂದು ಹೇಳಬೇಡಿ. ಗಂಡನಿಗೂ ಹೇಳಬೇಡಿ, ಹೆಂಡತಿಗೂ ಹೇಳಬೇಡಿ, ಫೋನಿಗಂತೂ ಹೇಳಲೇಬೇಡಿ. ಗೂಡಿನ ವಿಳಾಸ ಸಿಕ್ಕಿತೆಂದರೆ ಕ್ಯಾಮೆರಾದವರು ಬರುತ್ತಾರೆ, ಒಬ್ಬರ ಹಿಂದೆ ಹತ್ತು ಜನ ಬರುತ್ತಾರೆ, ತಾಯಿಹಕ್ಕಿ ಬಿಟ್ಟು ಹೋಗುತ್ತದೆ. ಹಕ್ಕಿ ನೋಡುವವರೆಲ್ಲರೂ ಪಾಲಿಸುವ ಕಟ್ಟಳೆ ಇದು. ನಾನು ತಲೆಯಾಡಿಸಿದ್ದೆ. ಬೆಳ್ಳಕ್ಕಿಯೇ ಕಾಣದವನಿಗೆ ಗೂಡು ಎಲ್ಲಿಂದ ಕಾಣಬೇಕು.

ಆದರೆ ಕಂಡಿತು.

ಮಾದನಾಯಕನಹಳ್ಳಿಯಿಂದ ಒಳಗೆ ಎರಡು ಮೈಲಿ ಹೋದರೆ ಒಂದು ಲೇಔಟ್ ಇದೆ. ಲೇಔಟ್ ಎಂದರೆ ಸೈಟಿನ ಗುರುತುಕಲ್ಲುಗಳು ಮಾತ್ರ. ಮನೆ ಒಂದೂ ಎದ್ದಿಲ್ಲ, ಸುತ್ತ ತಂತಿಬೇಲಿ, ಒಳಗೆ ಮೊಣಕಾಲೆತ್ತರ ಒಣಹುಲ್ಲು, ನಡುನಡುವೆ ಜಲ್ಲಿ ಹರಡಿದ ಬೋಳು ನೆಲ. ಪಕ್ಕದಲ್ಲೇ ಬತ್ತಿದ ಕೆರೆ. ಲೇಔಟಿನ ಯಜಮಾನರು ಎರಡು ಬಗೆಯವರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಒಂದು, ಹಕ್ಕಿ ನೋಡುವ ನಾವು. ಇನ್ನೊಂದು, ಗಂಗಮ್ಮ. ಪಕ್ಕದ ಊರಿನವಳು, ಎರಡು ಹಸು ಕಟ್ಟಿದ್ದಳು, ಆ ಹುಲ್ಲನ್ನು ಕೊಯ್ದು ಬೇಸಿಗೆ ಕಳೆಯುತ್ತಿದ್ದಳು. ಇಬ್ಬರಿಗೂ ಒಂದೇ ಷರತ್ತು, ಬೆಂಕಿ ಬೀಳಕೂಡದು. ಬಿದ್ದರೆ ಬೀಗ.

ಷರತ್ತಿಗೆ ಕಾರಣವಿತ್ತು. ಹಿಂದಿನ ವರ್ಷ ಗಂಗಮ್ಮ ಒಂದು ಮೂಲೆಗೆ ಬೆಂಕಿ ಕೊಟ್ಟಿದ್ದಳು. ಆ ಕಡೆಯ ಹಳ್ಳಿಗಳಲ್ಲಿ ಅದು ವಾಡಿಕೆ. ಹಳೇ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೇ ಚಿಗುರು ದಟ್ಟವಾಗಿ ಬರುತ್ತದೆ. ವಿಮಲಾ ಮೇಡಂ ಅವಳೊಂದಿಗೆ ದೊಡ್ಡ ಜಗಳವಾಡಿ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿವೆ ಎಂದು ವಿವರಿಸಿ, ಇನ್ನು ಹಚ್ಚುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದರು. "ಆಯ್ತು ಬುಡವ್ವ, ಇನ್ನ ಕಡ್ಡಿ ಗೀರಲ್ಲ. ನಿಮ್ ಅಕ್ಕಿ ಬದುಕ್ಲಿ, ನನ್ ಅಸಾನೂ ಬದುಕ್ಲಿ" ಎಂದಿದ್ದಳು. ಆ ಕಡೆಯವರ ಬಾಯಲ್ಲಿ ಹಕ್ಕಿ ಅಕ್ಕಿಯಾಗುತ್ತದೆ, ಹಸು ಅಸವಾಗುತ್ತದೆ.

ಈ ವರ್ಷ ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ನಾವು ಅಲ್ಲಿಗೆ ಹೋಗಿದ್ದೆವು. ನನಗೆ ವಯಸ್ಸಿಗೆ ತಕ್ಕ ಒಂದು ತೊಂದರೆ ಇದೆ, ಗಂಟೆಗೊಮ್ಮೆ ಮರೆ ಹುಡುಕಬೇಕು. ಒಂದು ಗುರುತುಕಲ್ಲಿನ ಹಿಂದೆ ಹೋಗಿ ನಿಂತೆ. ನಿಂತವನು ಬೇರೆಲ್ಲಿ ನೋಡಲಿ, ನೆಲ ನೋಡುತ್ತಿದ್ದೆ. ಎಲ್ಲ ಕಡೆ ಜಲ್ಲಿಕಲ್ಲು. ಅವುಗಳ ನಡುವೆ ನಾಲ್ಕು ಕಲ್ಲುಗಳು ಒಂದೇ ಅಳತೆಯವು. ಜಲ್ಲಿಯಲ್ಲಿ ಎರಡು ಕಲ್ಲು ಒಂದೇ ಅಳತೆ ಇರುವುದಿಲ್ಲ. ಇವು ನಾಲ್ಕೂ ಒಂದೇ ಯಂತ್ರದಿಂದ ಇಳಿದವು, ಒಂದೇ ಲಾಟಿನವು, ಅಂದರೆ ಒಟ್ಟಿಗೆ ತಯಾರಾದ ಒಂದೇ ಕಂತಿನವು. ಚೂಪು ತುದಿಗಳನ್ನು ಒಳಮುಖ ಮಾಡಿ ಇಟ್ಟಂತಿದ್ದವು. ನನ್ನ ಕೆಲಸ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ತಲೆಯ ಮೇಲೆ ಒಂದು ಹಕ್ಕಿ ಅರಚುತ್ತ ಸುತ್ತತೊಡಗಿತು. ಮೇಡಂ ದೂರದಿಂದ ದುರ್ಬೀನಿನಲ್ಲಿ ನೋಡಿ, ಕೈಸನ್ನೆಯಿಂದಲೇ ನನ್ನನ್ನು ಹಿಂದಕ್ಕೆ ಕರೆದರು. "ಹಳದಿ ಟಿಟ್ಟಿಭ. ನಾಲ್ಕು ಮೊಟ್ಟೆ. ಈ ಕಡೆ ನಾನು ಇದರ ಗೂಡು ನೋಡಿರಲಿಲ್ಲ. ಭೇಷ್, ಬಸವರಾಜು ಅವರೇ." ಬ್ಯಾಂಕಿನವರು, "ಎಲ್ಲಿ?" ಎಂದು ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು ಬೇರೆಯವರ ಬಾಯಿಂದ ಬಂತು.

ನಮ್ಮಜ್ಜಿ ಹೇಳುತ್ತಿದ್ದಳು, ಟಿಟ್ಟಿಭ ಮಲಗುವಾಗ ಅಂಗಾತ ಮಲಗಿ ಕಾಲೆರಡನ್ನೂ ಮೇಲಕ್ಕೆ ಎತ್ತಿಕೊಂಡಿರುತ್ತದೆ, ಆಕಾಶ ಬಿದ್ದರೆ ತಡೆದುಕೊಳ್ಳಲು ಎಂದು. ಕುಣಿಗಲ್ ಕಡೆಯ ನಮ್ಮೂರ ಬಯಲಲ್ಲಿ ನಾವು ಹುಡುಗರು ಅದನ್ನು ನೋಡಬೇಕೆಂದು ಸಂಜೆ ಹೊತ್ತು ಬದುವಿನ ಹಿಂದೆ ಹೊಟ್ಟೆಯ ಮೇಲೆ ಮಲಗಿ ಕಾದಿದ್ದೇವೆ. ಒಂದೂ ಕಾಲೆತ್ತಲಿಲ್ಲ. ಆದರೂ ಅಜ್ಜಿ ಸುಳ್ಳು ಹೇಳಿದಳೆಂದು ನಾವು ಯಾರೂ ಅಂದುಕೊಳ್ಳಲಿಲ್ಲ. ನಾವು ನೋಡುತ್ತಿರುವುದು ಅದಕ್ಕೆ ಗೊತ್ತಾಯಿತು, ಅದಕ್ಕೇ ನಾಚಿಕೊಂಡಿತು ಎಂದುಕೊಂಡೆವು. ಈಗ ಅನ್ನಿಸುತ್ತದೆ, ಆಕಾಶ ಹೊರುವ ಜಂಬ ಆ ಹಕ್ಕಿಯದಲ್ಲ, ನಮ್ಮಂಥವರದು.

ಏಕೆಂದರೆ ಆ "ಭೇಷ್" ನನ್ನ ಹೊಟ್ಟೆಯಲ್ಲಿ ಅರಗಲಿಲ್ಲ. ಮನೆಗೆ ಬಂದವನೇ ಸಾವಿತ್ರಿಗೆ ಹೇಳಿದೆ. "ಉಚ್ಚೆ ಹೊಯ್ಯಕ್ಕೆ ಹೋದಾಗ ಸಿಕ್ತಲ್ವಾ, ಒಳ್ಳೇದು" ಎಂದು ಹುರುಳಿ ಆರಿಸುವುದನ್ನು ಮುಂದುವರಿಸಿದಳು. ಆಗ ಫೋನು ಕೈಗೆ ತೆಗೆದುಕೊಂಡೆ. ನಮ್ಮ ಕಾರ್ಖಾನೆಯ ನಿವೃತ್ತರದೊಂದು ವಾಟ್ಸಾಪ್ ಗುಂಪಿದೆ. ಬೆಳಿಗ್ಗೆ ಐದಕ್ಕೆ ದೇವರ ಪಟ, ಆರಕ್ಕೆ ಶುಭೋದಯ, ಆಮೇಲೆ ಮೊಣಕಾಲು ನೋವಿಗೆ ಎಣ್ಣೆ. ಮೇಡಂ ಹಿಂದಕ್ಕೆ ಕರೆಯುವ ಮೊದಲೇ ಫೋನಿನಲ್ಲಿ ತೆಗೆದಿದ್ದ ಮೊಟ್ಟೆಯ ಫೋಟೋವನ್ನು ಅದಕ್ಕೆ ಹಾಕಿದೆ, "ನಾನು ಕಂಡುಹಿಡಿದ ಅಪರೂಪದ ಗೂಡು" ಎಂದು ಬರೆದೆ.

ಮೊದಲ ಉತ್ತರ ಗೋವಿಂದನದು. ನನ್ನ ಪಕ್ಕದ ಮೇಜಿನಲ್ಲೇ ಗೇಜು ಹಿಡಿದವನು, ಈಗ ಬಾಗಲಗುಂಟೆಯಲ್ಲೇ ಮೂರಂತಸ್ತಿನ ಮನೆ ಕಟ್ಟಿ ಮೇಲಿನದೆಲ್ಲ ಬಾಡಿಗೆಗೆ ಕೊಟ್ಟಿದ್ದಾನೆ. "ಲೋ ಬಸ್ವ, ಜಲ್ಲಿಕಲ್ಲು ಫೋಟೋ ಯಾಕೋ ಹಾಕಿದೀಯಾ, ಮನೆ ಕಟ್ಟಿಸ್ತಿದೀಯಾ?" ಎಂದು ಬರೆದ. ಅದಕ್ಕೆ ಇಪ್ಪತ್ತು ಮಂದಿ ನಗುವ ಮುಖ ಒತ್ತಿದರು. ಮೊಟ್ಟೆ ಕಣೋ ಎಂದೆ. "ಎಲ್ಲಿ ಕಣೋ?" ಎಂದ. ಅವನಿಗೆ ಆ ಹೆಸರಿನ ವಿಷಯ ಗೊತ್ತಿರಲಿಲ್ಲ. ಆದರೂ ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮ್ಯಾಪಿನಲ್ಲಿ ಆ ಜಾಗ ಹುಡುಕಿ ಲೊಕೇಶನ್ ಒತ್ತಿ ಕಳಿಸಿಬಿಟ್ಟೆ. ಬೇಕಾದರೆ ಹೋಗಿ ನೋಡಿಕೋ ಎಂದು ಬರೆದೆ. ಕಾರ್ಖಾನೆಯಲ್ಲಿ ಒಂದೇ ಒಂದು ಕೆಟ್ಟ ಲಾಟಿಗೂ ನಾನು ಸಹಿ ಹಾಕಿದವನಲ್ಲ. ಆ ದಿನ ಹಾಕಿದೆ.

ಮುಂದಿನ ಭಾನುವಾರದ ವಿಷಯಕ್ಕೆ ಬರುತ್ತೇನೆ.

ಬೆಳಿಗ್ಗೆ ದಾಸರಹಳ್ಳಿಯಿಂದ ಮೆಟ್ರೊ ಹತ್ತಿದೆವು. ಪೀಣ್ಯದ ಶೆಡ್ಡುಗಳ ಮೇಲೆ ಆಗಲೇ ಬಿಸಿಲು ಕುಣಿಯುತ್ತಿತ್ತು. ಭಾನುವಾರ ಚಿಮಣಿಗಳಿಗೂ ರಜೆ, ಆದರೂ ಆಕಾಶ ಬೂದಿಬಣ್ಣಕ್ಕಿತ್ತು. ನೆಲಮಂಗಲದ ಆಚೆಯ ಗುಡ್ಡಗಳು ಎರಡು ದಿನದಿಂದ ಉರಿಯುತ್ತಿವೆ ಎಂದು ಬೋಗಿಯಲ್ಲಿದ್ದವರು ಮಾತಾಡಿಕೊಂಡರು. ಮಾದಾವರದಲ್ಲಿ ಇಳಿದು ಬಸ್ಸು ಹಿಡಿಯುವಾಗ ಗಾಳಿಯಲ್ಲಿ ಸುಟ್ಟ ಹುಲ್ಲಿನ ವಾಸನೆ ಇತ್ತು. ಮೇಡಂ, "ಇವತ್ತು ಹದ್ದು, ಕಾಜಾಣ ಜಾಸ್ತಿ ಇರ್ತವೆ. ಬೆಂಕಿ ಕಂಡ್ರೆ ಹುಳ ಎದ್ದು ಹಾರ್ತವೆ, ಅವಕ್ಕೆ ಹಬ್ಬ" ಎಂದರು. ಬಸ್ಸಿನ ಕಿಟಕಿಯಿಂದಲೇ ಹದಿಮೂರು ಹದ್ದು ಎಣಿಸಿದೆವು. ನಾನು ಹನ್ನೊಂದು ಎಣಿಸಿದ್ದೆ, ಅದು ನನ್ನ ಲೆಕ್ಕದಲ್ಲಿ ದೊಡ್ಡ ಸಾಧನೆ.

ಬತ್ತಿದ ಕೆರೆಯಲ್ಲಿ ಒಂದು ಅಂಗಳದಗಲದ ನೀರು ಉಳಿದಿತ್ತು. ಅದರ ಸುತ್ತ ಕೊಳದ ಬಕಗಳು ಪಡಿತರ ಅಂಗಡಿಯ ಮುಂದೆ ನಿಂತಂತೆ ನಿಂತಿದ್ದವು. ಮೇಡಂ ಮತ್ತು ಬ್ಯಾಂಕಿನ ದಂಪತಿ ಅಲ್ಲೇ ಕುಳಿತರು. ನನಗೆ ನನ್ನ ಮೊಟ್ಟೆಗಳ ಚಿಂತೆ. "ಸ್ವಲ್ಪ ಮರೆಗೆ ಹೋಗಿ ಬರ್ತೀನಿ" ಎಂದೆ. ಯಾರೂ ಅನುಮಾನಪಡಲಿಲ್ಲ.

ಲೇಔಟಿನ ಗೇಟು ದಾಟಿದಾಗ ಹುಲ್ಲಿನ ನಡುವೆ ಒಂದು ಬೈಕು ನಿಂತಿತ್ತು. ಆಚೆ ಜಲ್ಲಿಯ ನೆಲದಲ್ಲಿ ಇಬ್ಬರು ಹೊಟ್ಟೆಯ ಮೇಲೆ ಮಲಗಿ, ತೋಳುದ್ದದ ಕ್ಯಾಮೆರಾಗಳನ್ನು ನನ್ನ ನಾಲ್ಕು ಮೊಟ್ಟೆಗೆ ಗುರಿಯಿಟ್ಟಿದ್ದರು. ಮೇಲೆ ಎರಡೂ ಹಕ್ಕಿಗಳು ಅರಚಿ ಅರಚಿ ಸುತ್ತುತ್ತಿದ್ದವು.

"ಯಾರಪ್ಪ ನೀವು?" ಎಂದೆ.

"ಗೋವಿಂದಣ್ಣನ ಮನೇಲಿ ಬಾಡಿಗೆಗಿದೀವಿ ಅಂಕಲ್. ಅವರೇ ಲೊಕೇಶನ್ ಫಾರ್ವರ್ಡ್ ಮಾಡಿದ್ರು. ಸಕ್ಕತ್ ಪ್ಲೇಸು. ನೀವೂ ಬರ್ಡಿಂಗಾ?"

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಬ್ಬ, "ಮಗಾ, ಬೈಕು" ಎಂದ. ಬೈಕಿನ ಸೈಲೆನ್ಸರ್ ಕೆಳಗೆ ಹುಲ್ಲು ಹೊಗೆಯಾಡುತ್ತಿತ್ತು. ಹುಲ್ಲು ಅಷ್ಟು ಒಣಗಿತ್ತು, ಸೈಲೆನ್ಸರ್ ಅಷ್ಟು ಕಾದಿತ್ತು. ಇಬ್ಬರೂ ಓಡಿಹೋಗಿ ಬೈಕನ್ನು ಎಳೆದರು, ಬೂಟುಗಾಲಿನಿಂದ ತುಳಿದರು. ತುಳಿದಾಗ ಕಿಡಿ ಚದುರಿ ನಾಲ್ಕು ಕಡೆ ಹತ್ತಿಕೊಂಡಿತು. "ನೀರು ತರ್ತೀವಿ ಅಂಕಲ್, ಒಂದ್ನಿಮ್ಷ" ಎಂದು ಬೈಕು ಹತ್ತಿ ಹೋದರು. ಈವರೆಗೆ ತಂದಿಲ್ಲ.

ನನಗೆ ಬೆಂಕಿ ಆರಿಸುವ ತರಬೇತಿ ಇತ್ತು. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಅಭ್ಯಾಸ ಮಾಡಿಸುತ್ತಿದ್ದರು. ಒಂದು ತಗಡಿನ ತಟ್ಟೆಗೆ ಎಣ್ಣೆ ಹೊಯ್ದು ಕಡ್ಡಿ ಗೀರಿದರೆ ಗಾಳಿಗೆ ಆರಿಹೋಗುತ್ತಿತ್ತು. ಐದಾರು ಕಡ್ಡಿ ಸುಟ್ಟ ಮೇಲೆ ಹತ್ತುತ್ತಿತ್ತು, ನಾವು ಆರಿಸಿ ಫೋಟೋಗೆ ನಿಲ್ಲುತ್ತಿದ್ದೆವು. ಮರಳು ತುಂಬಿದ ಕೆಂಪು ಬಕೆಟ್ಟುಗಳು ಸಾಲಾಗಿ ತೂಗುತ್ತಿದ್ದವು, ವರ್ಷವೆಲ್ಲ ಅವು ಎಲೆಅಡಿಕೆ ಉಗಿಯಲು ಆಗುತ್ತಿದ್ದವು. ಆ ತರಬೇತಿ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಈ ಬೆಂಕಿಗೆ ಫೋಟೋದ ಆತುರ ಇರಲಿಲ್ಲ. ಅದು ಚಟಪಟ ಸದ್ದು ಮಾಡುತ್ತ ಹುಲ್ಲಿನ ಬುಡ ಹಿಡಿದು ನಡೆಯಿತು.

ಮೊದಲು ಓಡಿಬಂದವಳು ಗಂಗಮ್ಮ. ಕೈಯಲ್ಲಿ ಕುಡುಗೋಲು, ಹೆಗಲ ಮೇಲೆ ದನದ ಬಾನಿಯಲ್ಲಿ ಅದ್ದಿದ ಎರಡು ಗೋಣಿಚೀಲ. ಒಂದನ್ನು ನನ್ನತ್ತ ಎಸೆದು, "ಬಡೀರಿ ಸಾಮಿ, ಗಾಳಿ ಕಡೆಯಿಂದ ಬಡೀರಿ" ಎಂದಳು. ಬಡಿದೆವು. ಹಿಂದೆಯೇ ಮೇಡಂ, ಬ್ಯಾಂಕಿನವರು ಹೊಂಗೆಯ ಸೊಪ್ಪು ಮುರಿದುಕೊಂಡು ಬಂದರು. ಐದು ಜನ ಮುದುಕ ಮುದುಕಿಯರು ಒಂದು ಗಂಟೆ ನೆಲವನ್ನು ಬಡಿದೆವು. ಬೆಂಕಿಯ ಅಂಚಿನಲ್ಲಿ ಕಾಜಾಣಗಳು, ಕಳ್ಳಿಪೀರಗಳು ಇಳಿದು ಏರಿ ಹುಳ ಹಿಡಿಯುತ್ತಿದ್ದವು. ಗುರುತುಕಲ್ಲೊಂದರ ಮೇಲೆ ಒಂದು ನೀಲಕಂಠ ಕೂತಿತ್ತು, ಹೊಗೆಯ ನಡುವೆ ರೆಕ್ಕೆ ಬಿಚ್ಚಿದಾಗ ನೀಲಿ ಮಿಂಚಿತು. ಯಾರೂ ತೋರಿಸಲಿಲ್ಲ, ನಾನೇ ನೋಡಿದೆ. ಯಾರಿಗೂ ಹೇಳಲಿಲ್ಲ.

ಅರ್ಧ ಲೇಔಟ್ ಸುಟ್ಟಿತು, ಅರ್ಧ ಉಳಿಯಿತು. ಜಲ್ಲಿಯ ನೆಲದಲ್ಲಿ ಹುಲ್ಲಿಲ್ಲದ್ದರಿಂದ ಬೆಂಕಿ ಮೊಟ್ಟೆಗಳನ್ನು ಬಳಸಿಕೊಂಡು ಹೋಗಿತ್ತು. ನಾಲ್ಕೂ ಅಲ್ಲೇ ಇದ್ದವು, ಮಸಿ ಹಿಡಿದಿದ್ದವು. ಹಕ್ಕಿಗಳು ಕಾಣಲಿಲ್ಲ. ಮೇಡಂ ದೂರ ನಿಂತು ತುಂಬ ಹೊತ್ತು ಕಾದರು, ಅವು ಬರಲಿಲ್ಲ. ಆಮೇಲೆ ಅವರು ತಿರುಗಿ ಗಂಗಮ್ಮನನ್ನು ನೋಡಿದರು.

"ಯಾರು ಹಚ್ಚಿದ್ದು?" ಎಂದು ಕೇಳಿದರು.

ನಾನು ಆಗ ನೀರು ಕುಡಿಯುತ್ತಿದ್ದೆ. ಬಾಟಲಿಯಲ್ಲಿ ನೀರು ಮುಗಿದ ಮೇಲೂ ಕುಡಿಯುತ್ತಿದ್ದೆ.

"ನನ್ನೇನ್ ನೋಡ್ತೀರವ್ವ? ನಾ ಅಚ್ಚಿಲ್ಲ" ಎಂದಳು ಗಂಗಮ್ಮ.

"ಹೋದ ವರ್ಷ ನೀನೇ ಅಲ್ವಾ ಹಚ್ಚಿದ್ದು?"

"ಓದೊರ್ಸ ನಾನೇ, ಒಪ್ಕೊಂಡೆ. ಇವತ್ ನಾನಲ್ಲ. ಕುಯ್ಯೋ ಉಲ್ಲಿಗೆ ನಾನೇ ಬೆಂಕಿ ಇಕ್ಕೋತೀನಾ? ಯಾವ್ದೋ ಬೈಕ್ ಓದಂಗಾಯ್ತು, ಈ ಸಾಮೀನ ಕೇಳಿ, ನನಗಿಂತ ಮುಂಚೆ ಇಲ್ಲೇ ಇದ್ರು."

ಮೇಡಂ ನನ್ನ ಕಡೆ ತಿರುಗಿದರು. "ಬೈಕು ನೋಡಿದ್ರಾ?"

ಬೈಕು ನೋಡಿದೆ ಎಂದರೆ, ಅವರು ಯಾರು ಎಂದು ಕೇಳುತ್ತಾರೆ. ಯಾರೆಂದು ಹೇಳಿದರೆ, ಜಾಗ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಒಂದು ಉತ್ತರದ ಹಿಂದೆ ಇನ್ನೊಂದು ಇತ್ತು, ಎಲ್ಲದರ ಕೊನೆಗೆ ನಾನಿದ್ದೆ. "ಹೊಗೇಲಿ ಸರಿಯಾಗಿ ಕಾಣಲಿಲ್ಲ ಮೇಡಂ" ಎಂದೆ. ನನಗೆ ಏನೂ ಕಾಣುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ನಂಬಿದರು.

ಗಂಗಮ್ಮ ನಂಬಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ, ನನ್ನ ಕೈಯಿಂದ ಗೋಣಿಚೀಲ ಕಿತ್ತುಕೊಂಡು ಹೋದಳು. ಮೇಡಂ ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿದರು. ಸಂಜೆಯೊಳಗೆ ಗೇಟಿಗೆ ಬೀಗ ಬಿತ್ತು. ಉಳಿದ ಅರ್ಧ ಹುಲ್ಲು ಬೀಗದ ಒಳಗೆ, ಗಂಗಮ್ಮ ಹೊರಗೆ.

ಮೂರು ವಾರ ನಾನು ಹಕ್ಕಿ ನೋಡಲು ಹೋಗಲಿಲ್ಲ. ಮಂಡಿ ನೋವು ಎಂದೆ. ಗುಂಪಿನಲ್ಲಿ ಬಂದ ಎಣ್ಣೆಗಳನ್ನೆಲ್ಲ ಗೋವಿಂದ ಮುತುವರ್ಜಿಯಿಂದ ನನಗೆ ಕಳಿಸಿದ. ಅವನನ್ನು ಬೈಯಬೇಕೆಂದು ಎರಡು ಸಲ ಅವನ ಮನೆಯ ಮೆಟ್ಟಿಲವರೆಗೆ ಹೋದೆ. ಬೈಯಲು ಅವನು ಮಾಡಿದ್ದಾದರೂ ಏನು. ಲೊಕೇಶನ್ ಕೇಳಿದ, ನಾನು ಕೊಟ್ಟೆ. ಕೊಡಬಾರದು ಎಂಬ ಕಟ್ಟಳೆ ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕಾಫಿ ಕುಡಿದು ವಾಪಸು ಬಂದೆ.

ಯುಗಾದಿ ಕಳೆದು ನಾಲ್ಕು ದಿನಕ್ಕೆ, ಏನೂ ನಿರ್ಧಾರ ಮಾಡದೆಯೇ, ಮೆಟ್ರೊ ಹತ್ತಿದೆ. ಗಂಗಮ್ಮನ ಊರಿನವರೆಗೆ ಹೋಗಬೇಕಾಗಲಿಲ್ಲ. ಮಾದನಾಯಕನಹಳ್ಳಿಯಲ್ಲಿ ಬಸ್ಸಿಳಿದರೆ ಹೆದ್ದಾರಿಯ ನಡುವಿನ ವಿಭಜಕದಲ್ಲಿ, ಲಾರಿಗಳ ನಡುವೆ, ಅವಳು ಕೂತು ಹುಲ್ಲು ಕೊಯ್ಯುತ್ತಿದ್ದಳು. ಹೂಗಿಡಗಳಿಗೆ ಬಿಡುವ ನೀರಿನಲ್ಲಿ ಎದ್ದ ಒಂದು ಹಿಡಿ ಹಸಿರು. ನಾನು ರಸ್ತೆ ದಾಟಲು ಹೆದರಿ ಈಚೆಯೇ ನಿಂತೆ. ಕಟ್ಟು ಹೊತ್ತುಕೊಂಡು ಅವಳೇ ದಾಟಿ ಬಂದಳು.

"ಅಕ್ಕಿ ನೋಡಕ್ ಬಂದ್ರಾ ಸಾಮಿ? ಇಲ್ಲಿ ಬರೀ ಲಾರಿ" ಎಂದಳು.

"ಹಸು ಹೇಗಿವೆ?" ಎಂದೆ. ಕೇಳಬೇಕೆಂದಿದ್ದದ್ದು ಅದಲ್ಲ.

"ಒಂದೈತೆ. ಇನ್ನೊಂದ ಮಾರ್ದೆ. ಡೈರೀಲಿ ಎಲ್ರೂ ನಂಗೆ ಬೆಂಕಿ ಗಂಗಮ್ಮ ಅಂತಾರೆ. ಆಲು ಆಕೋವಾಗ, ಸುಟ್ಟೋಗಿಲ್ಲ ತಾನೆ ಆಲು ಅಂತ ನಗ್ತಾರೆ. ಮೇಡಮ್ಮಾರ ಕೈಲಿ ಬೈಸ್ಕೊಂಡೋಳು ಅಂತ."

ಅಲ್ಲೇ, ಬಸ್ ಸ್ಟಾಪಿನ ನೆರಳಿನಲ್ಲಿ, ಹೇಳಿದೆ. ಲೊಕೇಶನ್ ಎಂದರೆ ಏನು ಎನ್ನುವುದರಿಂದ ಶುರುಮಾಡಿ, ಬಾಟಲಿಯಲ್ಲಿ ನೀರಿರಲಿಲ್ಲ ಎನ್ನುವವರೆಗೆ ಹೇಳಿದೆ. ಅವಳು ಹುಲ್ಲಿನ ಕಟ್ಟನ್ನು ತಲೆಯ ಮೇಲಿಂದ ಇಳಿಸದೆಯೇ ಕೇಳಿದಳು. ಹೇಳಿ ಮುಗಿದ ಮೇಲೆ ನನಗೆ ಎದೆ ಹಗುರಾದ ಹಾಗೆ ಅನ್ನಿಸಿತು. ಅವಳಿಗೆ ಅನ್ನಿಸಲಿಲ್ಲ.

"ನಂಗೇಳಿದ್ರೆ ಏನ್ ಬಂತು?" ಎಂದಳು. "ನಾ ಅಚ್ಚಿಲ್ಲ ಅನ್ನೋದು ನಂಗೆ ಗೊತ್ತಿರೋ ವಿಚಾರ್ವೇ. ಗೊತ್ತಿಲ್ದೋರ್ಗೆ ಏಳಿ."

"ಮೇಡಂಗೆ ಈಗಲೇ ಫೋನ್ ಮಾಡ್ತೀನಿ."

"ಮಾಡಿ. ಅದ್ ಬೀಗದ ಮಾತಾಯ್ತು. ನಮ್ಮೂರ ಡೈರೀಗೆ ಬನ್ನಿ. ಬೆಳಗಾನ ಆರಕ್ಕೆ ಎಲ್ರೂ ಆಲು ಆಕಕ್ಕೆ ಸಾಲ್ ನಿಂತಿರ್ತಾರೆ. ಅಲ್ಲೇಳಿ."

ಅವಳ ಮುಂದೆಯೇ ಮೇಡಂಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದರು, "ಯಜಮಾನರಿಗೆ ನಾನು ಹೇಳಿ ಬೀಗ ತೆಗೆಸ್ತೀನಿ. ಆಯಮ್ಮನ್ನ ಬೈದಿದ್ದು ನಾನು, ನಾನೇ ಬೇರೆಯಾಗಿ ಹೋಗಿ ಕ್ಷಮೆ ಕೇಳ್ತೀನಿ. ನಿಮ್ಮ ಜೊತೆ ಬರಲ್ಲ." ಮಂಡಿನೋವಿನ ವಿಷಯ ಕೇಳಲಿಲ್ಲ.

ಮಾರನೆಯ ದಿನ ಮೊದಲ ಮೆಟ್ರೊ ಹಿಡಿದೆ. ಸಾವಿತ್ರಿ, "ಇಷ್ಟೊತ್ತಿಗೆ ಯಾವ ಹಕ್ಕಿ ಏಳುತ್ತೆ?" ಎಂದಳು. ದುರ್ಬೀನು ಮನೆಯಲ್ಲೇ ಬಿಟ್ಟಿದ್ದೆ. ಅವಳು ಅದನ್ನು ಗಮನಿಸಿದಳು.

ಡೈರಿ ಎಂದರೆ ದೇವಸ್ಥಾನದ ಪಕ್ಕದ ಒಂದು ಕೋಣೆ. ಬಾಗಿಲಲ್ಲಿ ಮೇಜು, ಮೇಜಿನ ಹಿಂದೆ ಸೆಕ್ರೆಟರಿ. ಪ್ರತಿಯೊಬ್ಬರ ಹಾಲಿಗೂ ಒಂದು ಗಾಜಿನ ಕೊಳವೆ ಇಳಿಬಿಟ್ಟು ನೀರು ಬೆರೆಸಿದೆಯೇ ಎಂದು ನೋಡುತ್ತಿದ್ದ. ನನ್ನ ಕೆಲಸವೇ, ಬೇರೆ ಉಪಕರಣ. ಸುಮಾರು ಮೂವತ್ತು ಜನ ಕ್ಯಾನು, ತಂಬಿಗೆ ಹಿಡಿದು ಸಾಲು ನಿಂತಿದ್ದರು. ಗಂಗಮ್ಮ 'ಸಾಲ್' ಎಂದಿದ್ದಳು, ನಾನು ಸಾಲಿನ ಕೊನೆಯಲ್ಲಿ ಹೋಗಿ ನಿಂತೆ. ಸಾಲು ಮುರಿದು ಗೊತ್ತಿಲ್ಲ, ಕಾರ್ಖಾನೆಯ ಅಭ್ಯಾಸ.

ಮುಂದಿದ್ದವನು ತಿರುಗಿ, "ಆಲ್ ಎಲ್ಲಿ ಯಜಮಾನ್ರೇ?" ಎಂದ.

"ತಂದಿಲ್ಲ."

"ಬರೀ ಕೈಲಿ ಬಂದವ್ರೆ ಕಣ್ರೋ, ಟೌನಿನ ಅಸ" ಎಂದ. ನಾಲ್ಕು ಜನ ನಕ್ಕರು. ಇನ್ನೊಬ್ಬ, "ಕರೆದು ನೋಡ್ರಲಾ, ಒಂದ್ ಲೋಟ ಬಂದಾತು" ಎಂದ. ಆಗ ಎಲ್ಲರೂ ನಕ್ಕರು. ಗಂಗಮ್ಮ ಸಾಲಿನ ನಡುವಿನಲ್ಲಿದ್ದಳು. ಅವಳು ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಅವಳ ಕ್ಯಾನು ಅರ್ಧ ತುಂಬಿತ್ತು.

ನಾನು ಮೇಜಿನ ಹತ್ತಿರ ಬರುವವರೆಗೂ ಕಾದರೆ ಮುಂದಿದ್ದವರೆಲ್ಲ ಹಾಲು ಹಾಕಿ ಮನೆಗೆ ಹೋಗಿರುತ್ತಾರೆ ಎಂದು ಆಗ ಹೊಳೆಯಿತು. ಸಾಲು ಬಿಟ್ಟು ಮುಂದೆ ಹೋದೆ. ಸೆಕ್ರೆಟರಿ ಕೊಳವೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ನೋಡಿದ. ಹೆಸರು ಹೇಳಿದೆ, ಊರು ಹೇಳಿದೆ. ಆ ಲೇಔಟಿಗೆ ಬೆಂಕಿ ಬಿದ್ದದ್ದು ಬೈಕಿನಿಂದ, ಬೈಕಿನವರು ಬಂದದ್ದು ನಾನು ಕೊಟ್ಟ ವಿಳಾಸದಿಂದ, ಗಂಗಮ್ಮ ಬಂದದ್ದು ಆರಿಸಲು, ನಾನು ಕಣ್ಣಾರೆ ಕಂಡೂ ಸುಳ್ಳು ಹೇಳಿದೆ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. ಹೇಳಿ ಮುಗಿಸಲು ಒಂದು ಕ್ಯಾನು ಅಳೆಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಟೌನಿನ ಹಸು ಎಂದವನು ತನ್ನ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ. ಸೆಕ್ರೆಟರಿ, "ಆಯ್ತು ಬುಡಿ ಯಜಮಾನ್ರೇ, ಒತ್ತಾಯ್ತದೆ. ಮುಂದಿನೋರು ಬನ್ನಿ" ಎಂದ. ಮುಗಿಯಿತು ಎಂದುಕೊಂಡು ನಾನು ಬಸ್ಸಿನ ದಾರಿಗೆ ತಿರುಗಿದೆ.

"ಇರಿ ಸಾಮಿ" ಎಂದಳು ಗಂಗಮ್ಮ.

ಕ್ಯಾನನ್ನು ನೆಲದ ಮೇಲಿಟ್ಟು, ಸಾಲನ್ನು ತುದಿಯವರೆಗೆ ನೋಡಿದಳು. ಆಗತಾನೆ ಮೂರು ಜನ ಹೊಸದಾಗಿ ಬಂದು ಸೇರಿಕೊಂಡಿದ್ದರು.

"ಇಂದಿನೋರ್ಗೆ ಕೇಳುಸ್ಲಿಲ್ಲ" ಎಂದಳು. "ಇನ್ನೊಂದ್ ಕಿತಾ ಏಳಿ."

ನಾನು ಮೊದಲಿನಿಂದ ಶುರುಮಾಡಿದೆ.